ಮಂಗನ ಕಾಯಿಲೆ: ತಪ್ಪು ಮಂಗನದ್ದಲ್ಲ

ಎಲ್ಲೋ ಒಂದು ಮಂಗ ಸತ್ತು ಬಿದ್ದಿದೆಯಂತೆ ಅನ್ನೋ ಸುದ್ದಿ ಬಂದರೆ ಸಾಕು, ಉತ್ತರ ಕನ್ನಡದ ಸಿದ್ದಾಪುರ, ಶಿರಸಿ ಕಡೆಯ ಹಳ್ಳಿಗಳಲ್ಲಿ ಜನ ಮಂಗನ ಕಾಯಿಲೆಯ ಭಯಕ್ಕೆ ಬೆಟ್ಟಕ್ಕೆ ಹೋಗಲು ಹೆದರುತ್ತಾರೆ. ಹೆದರಿಕೆ ಸರಿಯೇ. ಆದರೆ ಮಂಗನ ಮೇಲೆ ಸಿಟ್ಟು ಮಾಡುವುದಿದೆಯಲ್ಲ, ಅದು ಮಾತ್ರ ಸರಿಯಲ್ಲ.

ಕತೆ ಶುರುವಾಗಿದ್ದು ಸಿದ್ದಾಪುರದ ಪಕ್ಕದ ತಾಲೂಕಿನಲ್ಲಿ. 1957ರಲ್ಲಿ ಸೊರಬದ ಕ್ಯಾಸನೂರು ಕಾಡಿನ ಸುತ್ತ ಮಂಗಗಳು ಸಾಲು ಸಾಲಾಗಿ ಸತ್ತವು. ಅದೇ ಹೊತ್ತಿಗೆ ಸುತ್ತಲಿನ ಹಳ್ಳಿಗಳಲ್ಲಿ ಜೋರು ಜ್ವರ, ತಲೆ ಸಿಡಿಯುವ ನೋವು, ಕೆಲವರಿಗೆ ರಕ್ತಸ್ರಾವ. ಪುಣೆಯ ವೈರಸ್ ಸಂಶೋಧನಾ ಕೇಂದ್ರದವರು ಓಡಿ ಬಂದರು. ಅವರಿಗಿದ್ದ ದೊಡ್ಡ ಭಯ ಹಳದಿ ಜ್ವರದ್ದು. ದಕ್ಷಿಣ ಅಮೆರಿಕದಲ್ಲಿ ಆ ಜ್ವರ ಬಂದಾಗ ಮೊದಲು ಸಾಯುವುದು ಕಾಡಿನ ಮಂಗಗಳೇ. ಏಷ್ಯಾದಲ್ಲಿ ಆ ಜ್ವರ ಇರಲಿಲ್ಲ, ಆದರೆ ಅದನ್ನು ಹರಡುವ ಸೊಳ್ಳೆ ನಮ್ಮಲ್ಲಿ ಧಾರಾಳವಾಗಿತ್ತು. ಹಾಗಾಗಿ ಅದು ಒಳಗೆ ಬಂದುಬಿಟ್ಟಿದ್ದರೆ ಏನು ಗತಿ ಅಂತ ಇಡೀ ದೇಶವೇ ಯೋಚಿಸಬೇಕಾದ ಪರಿಸ್ಥಿತಿ.

ಪರೀಕ್ಷೆ ಮಾಡಿದಾಗ ಸಿಕ್ಕಿದ್ದೇ ಬೇರೆ. ಅದು ಸೊಳ್ಳೆಯ ವೈರಸ್ ಅಲ್ಲ, ಪ್ರಾಣಿಗಳ ಮೈಗೆ ಅಂಟಿ ರಕ್ತ ಹೀರುವ ಉಣುಗಿನದು (ಉಣ್ಣೆ). ಅದಕ್ಕಿಂತ ಆಶ್ಚರ್ಯ ಅಂದರೆ ಅದರ ಹತ್ತಿರದ ಸಂಬಂಧಿ ಇದ್ದದ್ದು ರಷ್ಯಾದ ಚಳಿ ಕಾಡುಗಳಲ್ಲಿ, ಮೆದುಳು ಜ್ವರ ತರುವ ವೈರಸ್ಸಾಗಿ. ಸೈಬೀರಿಯಾದಿಂದ ಬರುವ ಹಕ್ಕಿಗಳು ಉಣುಗನ್ನು ಹೊತ್ತು ತಂದವೇ ಎಂಬ ಅನುಮಾನ ಹುಟ್ಟಿತು. ಪಕ್ಷಿತಜ್ಞ ಸಲೀಂ ಅಲಿಯವರ ಮುಂದಾಳತ್ವದಲ್ಲಿ ಹಕ್ಕಿಗಳ ಕಾಲಿಗೆ ಉಂಗುರ ಹಾಕಿ ವಲಸೆ ಗುರುತಿಸುವ ದೊಡ್ಡ ಕೆಲಸಕ್ಕೆ ಬಲ ಬಂದಿದ್ದು ಈ ಅನುಮಾನದಿಂದಲೇ. ನಮ್ಮ ಮಲೆನಾಡಿನ ಒಂದು ಜ್ವರ ದೇಶದ ಹಕ್ಕಿ ಅಧ್ಯಯನಕ್ಕೆ ದಾರಿ ಮಾಡಿತು ಅಂದರೆ ನಂಬಲು ಕಷ್ಟ, ಅಲ್ವಾ?

ಮುಖ್ಯ ಸಂಗತಿ ಇರುವುದು ಉಣುಗಿನ ಬದುಕಿನಲ್ಲಿ. ಮಳೆಗಾಲ ಮುಗಿಯುತ್ತಿದ್ದಂತೆ ಮರಿಗಳು ಇಲಿ, ಹಕ್ಕಿ, ಮಂಗದಂಥ ಪ್ರಾಣಿಗಳ ರಕ್ತ ಕುಡಿಯುತ್ತವೆ. ಆಗ ವೈರಸ್ ಮೈಗೆ ಬಂದರೆ ಮುಂದಿನ ಹಂತಕ್ಕೂ ಅದು ಉಳಿದುಕೊಳ್ಳುತ್ತದೆ. ಆ ಮುಂದಿನ ಹಂತದ ಎಳೆ ಉಣುಗು ಡಿಸೆಂಬರ್‌ನಿಂದ ಮೇವರೆಗೆ ಜಾಸ್ತಿ, ಕಣ್ಣಿಗೂ ಸರಿಯಾಗಿ ಕಾಣದಷ್ಟು ಚಿಕ್ಕದು, ಮತ್ತು ಮನುಷ್ಯರನ್ನು ಕಚ್ಚುವುದು ಹೆಚ್ಚಾಗಿ ಇದೇ. ಮುಸುವ ಮತ್ತು ಕೆಂಪು ಮೋರೆಯ ಮಂಗಗಳಿಗೆ ಈ ಸೋಂಕು ತಗುಲಿದರೆ ಉಳಿಯುವುದು ಕಷ್ಟ. ಮಂಗ ಸತ್ತು ಬಿದ್ದ ಜಾಗದಲ್ಲೇ ಅದರ ಮೈಮೇಲಿನ ಉಣುಗುಗಳು ಉದುರುತ್ತವೆ, ಆ ನೆಲ ಅಪಾಯದ ಜಾಗವಾಗುತ್ತದೆ. ಮಂಗ ನಮಗಿಂತ ಮೊದಲು ಸಾಯುವ ಬಲಿ. ಅದು ಸತ್ತದ್ದಕ್ಕೇ ನಮಗೆ ಮುನ್ಸೂಚನೆ ಸಿಗುತ್ತದೆ.

ಹಾಗಾದರೆ ಉಣುಗು ಇಷ್ಟು ಹೆಚ್ಚಿದ್ದು ಹೇಗೆ? 1960ರ ದಶಕದಲ್ಲೇ ಸಂಶೋಧಕರು ಬೊಟ್ಟು ಮಾಡಿದ್ದು ಕಾಡು ಕಡಿದು ಗದ್ದೆ ಮಾಡಿದ್ದರತ್ತ, ಕಾಡಿನಂಚಿಗೆ ಮೇಯಲು ಬಿಟ್ಟ ದನಗಳತ್ತ. ದನಕ್ಕೆ ಈ ಕಾಯಿಲೆ ಬರುವುದಿಲ್ಲ. ಆದರೆ ಬಲಿತ ಉಣುಗಿಗೆ ಅದರ ರಕ್ತ ಬೇಕು, ಹೊಟ್ಟೆ ತುಂಬಿದ ಒಂದು ಹೆಣ್ಣು ಸಾವಿರಾರು ಮೊಟ್ಟೆ ಇಡುತ್ತದೆ. ಇದರ ಜೊತೆಗೆ ನಮ್ಮ ಕೃಷಿ ನೋಡಿ. ಅಡಿಕೆ ತೋಟಕ್ಕೆ ಗೊಬ್ಬರ ಬೇಕು, ಗೊಬ್ಬರಕ್ಕೆ ಸೊಪ್ಪಿನ ಬೆಟ್ಟದ ದರಕು, ಅಂದರೆ ಉದುರಿದ ಒಣ ಎಲೆ ಬೇಕು. ಅದನ್ನು ಗುಡಿಸಿ ತರುವುದು ಎಲೆ ಒಣಗಿ ಉದುರುವ ಬೇಸಿಗೆಯಲ್ಲೇ, ಎಳೆ ಉಣುಗು ಅದೇ ಎಲೆಯಲ್ಲಿ ಕಾದಿರುವಾಗ. ಕೂಲಿಗೆ ಹೋಗುವವರಿಗೆ ಇದನ್ನು ಬಿಡಿ ಅಂತ ಸುಮ್ನೆ ಹೇಳಿ ಕೈ ತೊಳೆದುಕೊಳ್ಳಲು ಆಗುವುದಿಲ್ಲ.

ದಶಕಗಳ ಕಾಲ ಶಿವಮೊಗ್ಗ ಮತ್ತು ಸುತ್ತಲಿನ ಜಿಲ್ಲೆಗಳಲ್ಲೇ ಇದ್ದ ಕಾಯಿಲೆ 2012ರಿಂದೀಚೆಗೆ ಬಂಡೀಪುರ, ವಯನಾಡು, ಗೋವಾ, ಮಹಾರಾಷ್ಟ್ರದ ಸಿಂಧುದುರ್ಗದಲ್ಲೂ ಕಾಣಿಸಿತು. ಸಾಗರದ ಅರಳಗೋಡಿನಲ್ಲಿ 2019ರಲ್ಲಿ ಜನ ಸತ್ತರು, ಸಿದ್ದಾಪುರ ತಾಲೂಕೂ ತಪ್ಪಿಸಿಕೊಳ್ಳಲಿಲ್ಲ. ಸೋಂಕಾದ ನೂರು ಜನರಲ್ಲಿ ಮೂರರಿಂದ ಐದು ಮಂದಿ ಸಾಯುತ್ತಾರೆ ಎಂಬುದು ಸಾಮಾನ್ಯ ಲೆಕ್ಕ. ಇದಕ್ಕೇ ಅಂತ ಔಷಧ ಇಲ್ಲ. ಹಳೆಯ ಲಸಿಕೆಯನ್ನು ಮತ್ತೆ ಮತ್ತೆ ಹಾಕಿಸಿಕೊಳ್ಳಬೇಕಿತ್ತು, ಹಾಕಿಸಿಕೊಂಡರೂ ಕಾಯಿಲೆ ಬಂದವರಿದ್ದರು. ಕೊನೆಗೆ 2022ರಲ್ಲಿ ಅದನ್ನು ಕೈಬಿಡಲಾಯಿತು. ವೈರಸ್ ಪತ್ತೆಯಾಗಿ ಆರು ದಶಕ ದಾಟಿದ ಮೇಲೂ ಹಳ್ಳಿಯವರ ಕೈಗೆ ಉಳಿದದ್ದು ಉಣುಗು ಹತ್ತದಂತೆ ಮೈಗೆ ಹಚ್ಚುವ ಎಣ್ಣೆ ಮತ್ತು ಉದ್ದ ತೋಳಿನ ಅಂಗಿ. ಇದು ನನಗೆ ನಿಜಕ್ಕೂ ನೋವಿನ ಸಂಗತಿ. ಹೊಸ ಲಸಿಕೆಯ ಕೆಲಸ ನಡೆಯುತ್ತಿದೆ, ಅದು ಬರುವವರೆಗೆ ಬೆಟ್ಟಕ್ಕೆ ಹೋಗಿ ಬಂದ ವಾರದಲ್ಲಿ ಜ್ವರ ಬಂದರೆ ಬರೀ ಮಾತ್ರೆ ನುಂಗಿ ಕೂರಬೇಡಿ, ಬೆಟ್ಟಕ್ಕೆ ಹೋಗಿದ್ದೆ ಅಂತ ಡಾಕ್ಟರಿಗೆ ಮೊದಲೇ ಹೇಳಿ. ಸತ್ತ ಮಂಗ ಕಂಡರೆ ಮುಟ್ಟದೆ ಆಶಾ ಕಾರ್ಯಕರ್ತೆಗೋ ಪಂಚಾಯಿತಿಗೋ ತಿಳಿಸಿ.