ಬಲೂನಿಗೂ ಸಿಗದ, ಉಪಗ್ರಹಕ್ಕೂ ಸಿಗದ ಪದರ

ಎಲ್ಲಾದರೂ ಭೂಮಿ ನಡುಗಿದರೆ ಸಾಕು, ಡೊಂಬಿವಲಿಯ ನಮ್ಮ ಸೊಸೈಟಿಯ ವಾಟ್ಸಾಪ್ ಗುಂಪಿಗೆ ಒಂದು ಫಾರ್ವರ್ಡ್ ಬರುತ್ತದೆ: ರೇಡಿಯೊ ಅಲೆಗಳು ಮೊದಲೇ ಸುಳಿವು ಕೊಟ್ಟಿದ್ದವಂತೆ. ಅದರ ಹಿಂದೆಯೇ ಇನ್ನೊಂದು: ಅದೆಲ್ಲ ಬರೀ ಬುರುಡೆಯಂತೆ. ಮೂರನೇ ಮಹಡಿಯ ಶೆಟ್ರು ಎರಡನ್ನೂ ತೋರಿಸಿ, "ಯಾವುದು ನಿಜ ಮಾರಾಯ್ರೆ? 1993ರಲ್ಲಿ ಕಿಲ್ಲಾರಿ ಹಾಗೆ ನೆಲಸಮ ಆಯ್ತಲ್ಲ, ಯಾರಿಗೂ ಗೊತ್ತೇ ಆಗಲಿಲ್ಲ" ಎಂದರು. ಉತ್ತರ ಹೇಳಬೇಕಾದರೆ ಸ್ವಲ್ಪ ಮೇಲಕ್ಕೂ ಸ್ವಲ್ಪ ಹಿಂದಕ್ಕೂ ಹೋಗಬೇಕು.

ನೆಲದಿಂದ 60ರಿಂದ 90 ಕಿಲೋಮೀಟರ್ ಎತ್ತರದಲ್ಲಿ ಅಯಾನುಗೋಳದ, ಅಂದರೆ ಬಿಸಿಲಿಗೆ ಗಾಳಿ ವಿದ್ಯುದಾವೇಶ ಪಡೆಯುವ ಭಾಗದ, ಕೆಳಗಿನ ಅಂತಸ್ತು ಇದೆ. ಅದರ ಹೆಸರು ಡಿ ಪದರ. ಬಲೂನು ಅಷ್ಟು ಮೇಲೆ ಹೋಗಲ್ಲ. ಉಪಗ್ರಹ ಅಷ್ಟು ಕೆಳಗೆ ಇಳಿದರೆ ಉರಿದುಹೋಗುತ್ತದೆ. ರಾಕೆಟ್ ಹಾದುಹೋಗುತ್ತದೆ ನಿಜ, ಆದರೆ ಕೆಲವೇ ನಿಮಿಷ. ಬಿಸಿಲಿರುವಾಗ ಈ ಪದರ ಗಟ್ಟಿ, ರಾತ್ರಿ ತೆಳು. ಹಗಲು ಸಿಗದ ದೂರದೂರಿನ ಮೀಡಿಯಂ ವೇವ್ ಸ್ಟೇಷನ್ ರಾತ್ರಿ ಸಿಗುತ್ತಿತ್ತಲ್ಲ, ಅದಕ್ಕೆ ಇದೇ ಕಾರಣ.

ಈ ಪದರವನ್ನು ದಿನವಿಡೀ ಕಾಯೋಕೆ ಒಳ್ಳೆಯ ದಾರಿ ವಿಎಲ್‌ಎಫ್, ಅಂದರೆ 3ರಿಂದ 30 ಕಿಲೋಹರ್ಟ್ಸ್‌ನ ರೇಡಿಯೊ ಅಲೆ. ನೆಲಕ್ಕೂ ಡಿ ಪದರಕ್ಕೂ ನಡುವೆ ಪುಟಿಯುತ್ತ ಅದು ಸಾವಿರಾರು ಕಿಲೋಮೀಟರ್ ಸಾಗುತ್ತದೆ. ಮೇಲಿನ ಸೂರು ಕೊಂಚ ಏರಿಳಿದರೂ ಈ ತುದಿಯಲ್ಲಿ ಸಿಗ್ನಲ್ ಬದಲಾಗುತ್ತದೆ.

1901ರಲ್ಲಿ ಮಾರ್ಕೋನಿಯ ಸಿಗ್ನಲ್ ಅಟ್ಲಾಂಟಿಕ್ ದಾಟಿತು, ಮರುವರ್ಷ ಕೆನೆಲಿ ಮತ್ತು ಹೆವಿಸೈಡ್ ಎಂಬ ವಿಜ್ಞಾನಿಗಳು ರೇಡಿಯೊ ಅಲೆಗಳನ್ನು ಹಿಂದಿರುಗಿಸುವ ಕನ್ನಡಿಯೊಂದು ಮೇಲೆ ಇರಬೇಕು ಎಂದರು, 1924ರಲ್ಲಿ ಆಪಲ್ಟನ್ ಅದಕ್ಕೆ ಪುರಾವೆ ಕೊಟ್ಟರು. ಆಮೇಲೆ ನೌಕಾಪಡೆಗಳು ನೀರೊಳಗಿನ ಸಬ್‌ಮರೀನ್‌ಗಳಿಗೆ ಸಂದೇಶ ಕಳಿಸೋಕೆ ದೊಡ್ಡ ದೊಡ್ಡ ವಿಎಲ್‌ಎಫ್ ಕೇಂದ್ರ ಕಟ್ಟಿದವು. ವಿಜ್ಞಾನಿಗಳಿಗೆ ಪುಕ್ಕಟೆ ಸಿಗ್ನಲ್ ಸಿಕ್ಕಿತು.

ಮುಂಬೈಯ ಕಥೆ ಇದಕ್ಕಿಂತ ಹಳೆಯದು. ಕೊಲಾಬಾದ ವೀಕ್ಷಣಾಲಯದಲ್ಲಿ 1841ರಿಂದಲೇ ಭೂಮಿಯ ಕಾಂತಶಕ್ತಿಯನ್ನು ಅಳೆಯುತ್ತಿದ್ದರು. 1859ರ ಸೌರ ಬಿರುಗಾಳಿಯಲ್ಲಿ ಅಲ್ಲಿನ ಅಳತೆ ಸುಮಾರು 1,600 ನ್ಯಾನೊಟೆಸ್ಲಾ ಕುಸಿದದ್ದು ಇಂದಿಗೂ ಜಗತ್ತಿನ ವಿಜ್ಞಾನಿಗಳ ಬಾಯಲ್ಲಿದೆ. ಆಮೇಲೆ ಊರಿಗೆ ವಿದ್ಯುತ್ ಟ್ರಾಮ್ ಬರುವ ಸುದ್ದಿ ಬಂತು. ಟ್ರಾಮಿನ ಕರೆಂಟು ಅಳತೆಯನ್ನೆಲ್ಲ ಕೆಡಿಸುತ್ತದೆ ಅಂತ ವೀಕ್ಷಣಾಲಯದ ಮುಖ್ಯಸ್ಥ ನಾನಾಭಾಯ್ ಮೂಸ್ ಉಪಕರಣಗಳನ್ನು ಸಮುದ್ರದಾಚೆ ಅಲಿಬಾಗ್‌ಗೆ ಸಾಗಿಸಿದರು. ಅಲ್ಲಿನ ಕಟ್ಟಡಕ್ಕೆ ಆರಿಸಿಕೊಂಡದ್ದು ಕಾಂತಗುಣವಿಲ್ಲದ ಪೋರಬಂದರ್ ಕಲ್ಲು. 1904ರಿಂದ 1906ರವರೆಗೆ ಎರಡೂ ಕಡೆ ಒಟ್ಟಿಗೆ ಅಳೆದರು, ದಾಖಲೆಯ ಕೊಂಡಿ ತಪ್ಪಬಾರದು ಅಂತ. ಈ ತಾಳ್ಮೆ ನೋಡಿದರೆ ನನಗೆ ಈಗಲೂ ಹೊಟ್ಟೆಕಿಚ್ಚು.

ಅದೇ ಪರಂಪರೆಯಿಂದ 1971ರಲ್ಲಿ ಭಾರತೀಯ ಭೂಕಾಂತತ್ವ ಸಂಸ್ಥೆ ಹುಟ್ಟಿತು. ಈಗ ಅದು ನಮ್ಮ ನ್ಯೂ ಪನ್ವೇಲ್‌ನಲ್ಲಿದೆ. 2007ರ ಅಂತರರಾಷ್ಟ್ರೀಯ ಸೌರಭೌತ ವರ್ಷದ ಹೊತ್ತಿಗೆ ಅಲಹಾಬಾದ್, ವಾರಾಣಸಿ, ನೈನಿತಾಲ್‌ಗಳಿಗೆ ಅಮೆರಿಕದ ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದ ವಿಎಲ್‌ಎಫ್ ರಿಸೀವರ್‌ಗಳು ಬಂದವು. 2009ರ ಜುಲೈ 22ರ ಪೂರ್ಣ ಸೂರ್ಯಗ್ರಹಣದಲ್ಲಿ ಹಗಲೇ ಡಿ ಪದರ ತೆಳುವಾದದ್ದನ್ನು ಆ ಸಿಗ್ನಲ್‌ಗಳಲ್ಲಿ ಕಂಡರು.

ಇನ್ನು ಭೂಕಂಪದ ಮಾತು. ಸೂರ್ಯ ಹುಟ್ಟುವಾಗ, ಮುಳುಗುವಾಗ ವಿಎಲ್‌ಎಫ್ ಸಿಗ್ನಲ್‌ನ ಗೆರೆ ಒಮ್ಮೆ ತಗ್ಗಿ ಮೇಲೇಳುತ್ತದೆ. 1995ರ ಕೋಬೆ ಭೂಕಂಪಕ್ಕೆ ಕೆಲವು ದಿನ ಮೊದಲು ಈ ತಗ್ಗಿನ ಸಮಯ ಸರಿದಿತ್ತು ಎಂದು ಜಪಾನಿನಲ್ಲಿ ಬರೆದರು. ಅಲ್ಲಿಂದ ಶುರುವಾದ ಗೋಜಲು ಇದು. ಸೌರಜ್ವಾಲೆ, ಕಾಂತ ಬಿರುಗಾಳಿ, ಸಿಡಿಲು, ಋತು, ಎಲ್ಲವೂ ಇದೇ ಗೆರೆಯನ್ನು ಅಲುಗಾಡಿಸುತ್ತವೆ. ಭೂಕಂಪ ಆದ ಮೇಲೆ ಹಿಂದೆ ತಿರುಗಿ ಹುಡುಕಿದರೆ ಏನಾದರೊಂದು ಸಿಕ್ಕೇ ಸಿಗುತ್ತದೆ, ಅಲ್ವಾ? ಭೂಕಂಪ ಆಗದ ಎಷ್ಟು ದಿನ ಹೀಗೇ ಸರಿದಿತ್ತು ಎಂದು ಎಣಿಸೋಕೆ ವರ್ಷಗಟ್ಟಲೆ ಸುಮ್ನೆ ಕೂತು ದಾಖಲಿಸಬೇಕು. ಆ ಕೆಲಸ ಸುದ್ದಿಯಾಗಲ್ಲ.

ನಾನೂ ಒಂದು ರಿಸೀವರ್ ಕಟ್ಟಿದೆ. ಮರದ ಚೌಕಟ್ಟಿಗೆ ತಾಮ್ರದ ತಂತಿ ಸುತ್ತಿ, ಲ್ಯಾಪ್‌ಟಾಪಿನ ಸೌಂಡ್ ಕಾರ್ಡಿಗೆ ಜೋಡಿಸಿ ಟೆರೇಸಿನಲ್ಲಿಟ್ಟೆ. ಬೇಕಿದ್ದದ್ದು ತಿರುನೆಲ್ವೇಲಿ ಜಿಲ್ಲೆಯ ವಿಜಯನಾರಾಯಣಂನ ನೌಕಾಪಡೆ ಕೇಂದ್ರದ 18.2 ಕಿಲೋಹರ್ಟ್ಸ್. ಒಂದೊಂದು ಅಲೆ 16 ಕಿಲೋಮೀಟರ್ ಉದ್ದ, ಡೊಂಬಿವಲಿಯಿಂದ ಠಾಣೆಗಿಂತ ಸ್ವಲ್ಪ ಜಾಸ್ತಿ. ಸಿಕ್ಕಿದ್ದು ಮಾತ್ರ ಗದ್ದಲ. ಲಿಫ್ಟ್ ಏರಿದರೆ ಗೆರೆ ಹಾರುತ್ತಿತ್ತು, ಲೋಕಲ್ ಹೋದರೆ ನಡುಗುತ್ತಿತ್ತು. ಸಂಜೆ ಎಲ್ಲರ ಮನೆಯ ಎಲ್‌ಇಡಿ ಹೊತ್ತಿಕೊಂಡರೆ ಮುಗಿಯಿತು.

ಕೊನೆಗೆ ನಾನೂ ಅಲಿಬಾಗ್ ದಾರಿ ಹಿಡಿದೆ. ಶೆಟ್ರ ಪರಿಚಯದವರ ತೆಂಗಿನ ತೋಟದಲ್ಲಿ ಬ್ಯಾಟರಿ ಹಾಕಿ ಕೂತೆವು. ಮಧ್ಯಾಹ್ನವೆಲ್ಲ ಗೆರೆ ನೆಟ್ಟಗೆ ಹೋಯಿತು. ಏಳು ಗಂಟೆ ಸುಮಾರಿಗೆ ಕೆಳಗಿಳಿಯತೊಡಗಿತು. ಶೆಟ್ರು ಚಹಾದ ಲೋಟ ಕೆಳಗಿಟ್ಟು ಸ್ಕ್ರೀನಿನ ಹತ್ತಿರ ಬಂದರು.

"ಭೂಕಂಪವಾ?"

"ಅಲ್ಲ ಶೆಟ್ರೆ. ಸೂರ್ಯ ಮುಳುಗಿದ."