ಬಾಣದ ಬಾಲಕ್ಕೆ ಯಾವ ಗರಿ?

ಶಟಲ್ ಆಡಿದವರಿಗೆಲ್ಲ ಇದು ಗೊತ್ತು. ಕಾಕನ್ನು ಹೇಗೇ ಹೊಡೆಯಿರಿ, ಅರೆಕ್ಷಣದಲ್ಲಿ ಅದು ತಿರುಗಿಕೊಂಡು ತಲೆ ಮುಂದೆ ಮಾಡಿಯೇ ಹೋಗುತ್ತದೆ. ತೂಕವೆಲ್ಲ ಬೆಂಡಿನ ತಲೆಯಲ್ಲಿದೆ. ಗಾಳಿಯ ಹಿಡಿತವೆಲ್ಲ ಹಿಂದಿನ 16 ಗರಿಗಳಲ್ಲಿದೆ. ಮುಂದಿನದು ನುಗ್ಗುತ್ತದೆ, ಹಿಂದಿನದು ಜಗ್ಗುತ್ತದೆ. ಒಳ್ಳೆಯ ಕಾಕ್ ಕೈಗೆ ಸಿಕ್ಕರೆ ಗರಿಗಳನ್ನು ಹತ್ತಿರದಿಂದ ನೋಡಿ. ಎಲ್ಲವೂ ಒಂದೇ ಕಡೆಗೆ ಬಾಗಿರುತ್ತವೆ. ಅವು ಹೆಬ್ಬಾತಿನ ಒಂದೇ ಪಕ್ಕದ, ಸಾಮಾನ್ಯವಾಗಿ ಎಡಗಡೆಯ ರೆಕ್ಕೆಯಿಂದ ತೆಗೆದವು. ಯಾಕೆ ಹಾಗೆ ಅಂತ ನನಗೆ ತಿಳಿದದ್ದು ಬಹಳ ತಡವಾಗಿ, ಬಿಲ್ಲು ಹಿಡಿದ ಮೇಲೆ.

ಅಮೆರಿಕದಲ್ಲಿ ಕೆಲವು ವರ್ಷ ಇದ್ದಾಗ ಮರದ ಬಿಲ್ಲಿನ ಹುಚ್ಚು ಹಿಡಿಯಿತು. ಅಲ್ಲಿ ಎಲೆ ಉದುರುವ ಕಾಲ ಬಂತೆಂದರೆ ಲೈಸೆನ್ಸ್ ಪಡೆದು, ಬಿಲ್ಲು ಹೊತ್ತು ಜಿಂಕೆ ಬೇಟೆಗೆ ಹೋಗುವವರು ಲಕ್ಷಗಟ್ಟಲೆ ಜನ. ಹೆಚ್ಚಿನವರ ಕೈಯಲ್ಲಿ ರಾಟೆಗಳಿರುವ ಕಾಂಪೌಂಡ್ ಬಿಲ್ಲು. ಸ್ವಲ್ಪ ಜನ ಮಾತ್ರ ಹಳೆಯ ಬಗೆಯ ಲಾಂಗ್‌ಬೋ, ರಿಕರ್ವ್ ಬಿಲ್ಲುಗಳನ್ನೇ ನೆಚ್ಚಿಕೊಂಡವರು. ನಾನು ಬೇಟೆಯಾಡಿದವನಲ್ಲ, ಹಲಗೆಗೆ ಗುರಿಯಿಟ್ಟವನು ಅಷ್ಟೇ. ಆದರೆ ಬಾಣ ಮಾಡುವುದನ್ನು ಕಲಿತದ್ದು ಈ ಹಳೆಯ ಬಗೆಯ ಬೇಟೆಗಾರರಿಂದ. ಗರಿಯ ಮಾತು ತೆಗೆದರೆ ಸಾಕು, ಅವರಿಗೆ ಸಂಜೆ ಕಳೆದದ್ದೇ ಗೊತ್ತಾಗುತ್ತಿರಲಿಲ್ಲ.

ಯಾಕೆಂದರೆ ಮರದ ಬಿಲ್ಲಿಗೆ ಗರಿಯಿಲ್ಲದೆ ನಡೆಯುವುದಿಲ್ಲ. ಕಾಂಪೌಂಡ್ ಬಿಲ್ಲಿನ ಬಾಣಕ್ಕೆ ಈಗ ಪ್ಲಾಸ್ಟಿಕ್ ರೆಕ್ಕೆ ಅಂಟಿಸುತ್ತಾರೆ. ಅದು ಗಟ್ಟಿ, ಮಳೆಗೆ ಜಗ್ಗುವುದಿಲ್ಲ. ಅದನ್ನೇ ಮರದ ಬಿಲ್ಲಿನಿಂದ ಬಿಟ್ಟು ನೋಡಿ, ಬಾಣ ದಾರಿ ತಪ್ಪುತ್ತದೆ.

ಮರದ ಬಿಲ್ಲಿನಲ್ಲಿ ಹೆದೆ ಇರುವುದು ನಟ್ಟನಡುವೆ. ಬಾಣ ಕೂರುವುದು ಬಿಲ್ಲಿನ ಪಕ್ಕದಲ್ಲಿ. ಹೆದೆ ಬಿಟ್ಟೊಡನೆ ಬಾಣದ ಬಾಲ ಬಿಲ್ಲಿನ ನಡುವಿನತ್ತಲೇ ನುಗ್ಗುತ್ತದೆ. ಅಂದರೆ ಬಿಲ್ಲಿನ ಮರವೇ ಬಾಣಕ್ಕೆ ಅಡ್ಡ. ಲೆಕ್ಕದ ಪ್ರಕಾರ ಬಾಣ ಪಕ್ಕಕ್ಕೆ ಹಾರಬೇಕು. ಆದರೂ ಅದು ಗುರಿಗೇ ಹೋಗುತ್ತದೆ. ಹೇಗೆ? ಬಾಣ ಬಳುಕುತ್ತದೆ. ಹಿಂದಿನಿಂದ ಹೆದೆ ತಳ್ಳುತ್ತದೆ, ಮುಂದೆ ಮೊನೆಯ ಭಾರ ತಡೆಯುತ್ತದೆ. ನಡುವೆ ಸಿಕ್ಕ ಕೋಲು ಬಾಗುತ್ತದೆ, ಬಿಲ್ಲಿನ ಮೈಯನ್ನು ಬಳಸಿಕೊಂಡು ಪಾರಾಗುತ್ತದೆ, ಆಮೇಲೆ ನೀರಿನಲ್ಲಿ ಮೀನು ಈಜಿದ ಹಾಗೆ ಅತ್ತಿತ್ತ ಬಳುಕುತ್ತ ಮುಂದೆ ಸಾಗುತ್ತದೆ. ಇದು ಬರಿಗಣ್ಣಿಗೆ ಕಾಣುವುದಿಲ್ಲ. 1930ರ ದಶಕದಲ್ಲಿ ಕ್ಲಾರೆನ್ಸ್ ಹಿಕ್‌ಮನ್ ಎಂಬ ಅಮೆರಿಕದ ವಿಜ್ಞಾನಿ ಹೈಸ್ಪೀಡ್ ಕ್ಯಾಮೆರಾ ಇಟ್ಟು ಇದನ್ನು ಚಿತ್ರಿಸಿದರು.

ಕೋಲು ಎಷ್ಟೇ ಚೆನ್ನಾಗಿ ಬಳುಕಿದರೂ ಬಾಲದ ಗರಿ ಒಮ್ಮೊಮ್ಮೆ ಬಿಲ್ಲಿಗೆ ಉಜ್ಜಿಕೊಂಡೇ ಹೋಗುತ್ತದೆ. ಅಲ್ಲಿ ಪ್ಲಾಸ್ಟಿಕ್ ಇದ್ದರೆ ಒದೆ ತಿಂದಂತೆ ಬಾಲ ಸಿಡಿಯುತ್ತದೆ. ಗರಿ ಇದ್ದರೆ ಸುಮ್ನೆ ಮಲಗಿಕೊಳ್ಳುತ್ತದೆ, ದಾಟಿದ ಕೂಡಲೇ ಎದ್ದು ನಿಲ್ಲುತ್ತದೆ. ನಾವು ಬೆರಳು ಬಿಡುವುದರಲ್ಲಿ ಮಾಡುವ ಸಣ್ಣಪುಟ್ಟ ತಪ್ಪನ್ನೂ ಅದು ಹೀಗೇ ನುಂಗಿಕೊಳ್ಳುತ್ತದೆ. ತೂಕವೂ ಎಷ್ಟು ಕಡಿಮೆ! ಐದು ಇಂಚಿನ ಮೂರು ಗರಿ ಸೇರಿದರೆ ಅರ್ಧ ಗ್ರಾಂ ಆಸುಪಾಸು. ಬಾಲ ಹಗುರಾದಷ್ಟೂ ತೂಕ ಮುಂದಕ್ಕೆ ಸರಿಯುತ್ತದೆ, ಬಾಣ ನೇರವಾಗುವುದು ಸುಲಭವಾಗುತ್ತದೆ.

ಈ ಮಲಗಿ ಏಳುವ ಗುಣ ಎಲ್ಲಿಂದ ಬಂತು? ಅಂಗಳದಲ್ಲಿ ಬಿದ್ದ ಒಂದು ಕೋಳಿಗರಿ ಎತ್ತಿಕೊಳ್ಳಿ, ರೆಕ್ಕೆಯದ್ದಾದರೆ ಒಳ್ಳೆಯದು. ನಡುವೆ ದಂಟು, ಎರಡೂ ಬದಿಗೆ ಸಾಲಾಗಿ ಎಳೆಗಳು. ಎಳೆಗಳ ನಡುವೆ ಉಗುರು ತೂರಿಸಿ ಸೀಳಿ. ಈಗ ಬುಡದಿಂದ ತುದಿಯ ಕಡೆಗೆ ಎರಡು ಬೆರಳಲ್ಲಿ ನೇವರಿಸಿ. ಸೀಳು ಮುಚ್ಚಿಹೋಯಿತು, ಅಲ್ವಾ? ಒಂದೊಂದು ಎಳೆಗೂ ಇನ್ನೂ ಸಣ್ಣ ಕವಲುಗಳಿವೆ, ಅವುಗಳ ತುದಿಯಲ್ಲಿ ಕೊಕ್ಕೆಗಳಿವೆ. ಜಿಪ್ಪಿನ ಹಾಗೆ ಬಿಚ್ಚಿಕೊಂಡು ಮತ್ತೆ ಕೂಡಿಕೊಳ್ಳುತ್ತವೆ. ಹಕ್ಕಿ ಕೊಕ್ಕಿನಿಂದ ಗರಿ ತೀಡುತ್ತ ಕೂರುವುದು ಹೆಚ್ಚಾಗಿ ಇದೇ ಕೆಲಸಕ್ಕೆ.

ಅದೇ ಗರಿಯಲ್ಲಿ ಇನ್ನೊಂದು ಸಂಗತಿ ಇದೆ. ದಂಟಿನ ಒಂದು ಬದಿ ಅಗಲ, ಇನ್ನೊಂದು ಕಿರಿದು. ಹಾರುವಾಗ ಗಾಳಿಗೆ ಎದುರಾಗುವುದು ಕಿರಿದಾದ ಬದಿ. ಬಾಣಕ್ಕೆ ಬೇಕಾದದ್ದು ಅಗಲದ್ದು. ದಂಟನ್ನು ಉದ್ದಕ್ಕೆ ಸೀಳಿ, ತೆಳ್ಳಗೆ ಉಜ್ಜಿ, ಅಗಲದ ಭಾಗವನ್ನು ಕೋಲಿಗೆ ಅಂಟಿಸುತ್ತಾರೆ. ಎಡರೆಕ್ಕೆಯ ಗರಿ ಒಂದು ಕಡೆಗೆ ಬಾಗಿದ್ದರೆ ಬಲರೆಕ್ಕೆಯದ್ದು ಅದರ ಕನ್ನಡಿ ಬಿಂಬ. ಬಾಣ ಹಾರುವಾಗ ಗರಿಗಳು ಅದನ್ನು ಬಾಗಿರುವ ಕಡೆಗೆ ತಿರುಗಿಸುತ್ತವೆ. ಎಡವೋ ಬಲವೋ ಎರಡೂ ಒಂದೇ, ಆದರೆ ಒಂದು ಬಾಣಕ್ಕೆ ಒಂದೇ ಪಕ್ಕದ ಗರಿ ಇರಬೇಕು. ನನ್ನ ಮೊದಲ ಬಾಣಕ್ಕೆ ಬಣ್ಣ ಹೊಂದುತ್ತದೆ ಅಂತ ಎರಡು ಎಡ, ಒಂದು ಬಲ ಸೇರಿಸಿ ಅಂಟಿಸಿದ್ದೆ. ಇಪ್ಪತ್ತು ಹೆಜ್ಜೆ ದೂರದ ಹಲಗೆಗೂ ಅದು ನೆಟ್ಟಗೆ ಹೋಗಲಿಲ್ಲ. ಬಾಲ ಆಡಿಸುತ್ತ ಹೋಗಿ ಓರೆಯಾಗಿ ನಾಟಿತು. ಕಲಿಸುತ್ತಿದ್ದ ಹಿರಿಯರು ಬಾಣ ಕಿತ್ತು ತಂದು, ಮಾತಾಡದೆ, ಮೂರನೇ ಗರಿಯ ಮೇಲೆ ಬೆರಳಿಟ್ಟು ತೋರಿಸಿದರು. ಶಟಲ್ ಕಾಕಿನ ಗುಟ್ಟು ಆವತ್ತು ತಿಳಿಯಿತು.

ಯಾವ ಹಕ್ಕಿಯ ಗರಿ ಅನ್ನುವುದಕ್ಕೆ ದೊಡ್ಡ ಚರಿತ್ರೆಯೇ ಇದೆ. ನಮ್ಮ ಮಹಾಭಾರತದ ಬಾಣಗಳಿಗೆ ಕಂಕಪತ್ರ ಎಂಬ ಹೆಸರಿದೆ, ಕಂಕವೆಂಬ ದೊಡ್ಡ ಹಕ್ಕಿಯ ಗರಿ ಕಟ್ಟಿದ್ದು ಅಂತ. ಇಂಗ್ಲೆಂಡಿನಲ್ಲಿ ಹೆಬ್ಬಾತಿನದ್ದೇ ರಾಜ್ಯ. ಐದನೇ ಹೆನ್ರಿ 1418ರಲ್ಲಿ ತನ್ನ ಅಧಿಕಾರಿಗಳಿಂದ ಕೇಳಿದ್ದು 11,90,000 ಹೆಬ್ಬಾತಿನ ಗರಿಗಳನ್ನು. 1545ರಲ್ಲಿ ರೋಜರ್ ಆಸ್ಕಮ್ ಎಂಬ ವಿದ್ವಾಂಸ ಬಿಲ್ಲುಗಾರಿಕೆಯ ಮೇಲೆ ಪುಸ್ತಕ ಬರೆದು ಹೆಬ್ಬಾತಿನ ಗರಿಯನ್ನೇ ಹೊಗಳಿದ. ನವಿಲುಗರಿಯ ಬಗ್ಗೆ ಅವನು ಹೇಳಿದ್ದು ನನಗೆ ಬಹಳ ಇಷ್ಟ: ಅದು ಒರಟು, ಭಾರ. ಚೆಂದಕ್ಕೆಂದು ಕಟ್ಟಿಕೊಂಡವರು ಎಷ್ಟೋ ಜನ ಕೆಲಸಕ್ಕೆ ಬರಲಿಲ್ಲವೆಂದು ಕೈಬಿಟ್ಟರಂತೆ. ಅದೇ 1545ರ ಜುಲೈಯಲ್ಲಿ ಮೇರಿ ರೋಸ್ ಎಂಬ ಯುದ್ಧನೌಕೆ ಇಂಗ್ಲೆಂಡಿನ ದಕ್ಷಿಣ ಕರಾವಳಿಯಲ್ಲಿ ಮುಳುಗಿತು. ಹಡಗನ್ನು 1982ರಲ್ಲಿ ಮೇಲೆತ್ತಿದರು. ಅದರೊಳಗೆ ಸಾವಿರಾರು ಬಾಣಗಳು ಸಿಕ್ಕವು. ಗರಿಗಳು ಕೊಳೆತುಹೋಗಿದ್ದವು, ಆದರೆ ಅವನ್ನು ಕೂರಿಸಿದ್ದ ಜಾಗದಲ್ಲಿ ತಾಮ್ರ ಬೆರೆತ ಅಂಟು, ದಾರ ಸುತ್ತಿದ ಗುರುತು ಉಳಿದಿದ್ದವು.

ಇನ್ನೂ ಹಿಂದಕ್ಕೆ ಹೋಗಬೇಕೆಂದರೆ ಆಲ್ಪ್ಸ್ ಬೆಟ್ಟಗಳಿಗೆ ಹೋಗಬೇಕು. 1991ರಲ್ಲಿ ಅಲ್ಲಿನ ಹಿಮದಲ್ಲಿ ಸಿಕ್ಕ, ಸುಮಾರು 5,300 ವರ್ಷ ಹಿಂದಿನ, ಓಟ್ಸಿ ಎಂದು ಹೆಸರಿಟ್ಟ ಮನುಷ್ಯನ ಶವದ ಜೊತೆಗಿದ್ದ ಬತ್ತಳಿಕೆಯಲ್ಲಿ 14 ಬಾಣಗಳಿದ್ದವು. ಪೂರ್ತಿಯಾಗಿ ತಯಾರಾದದ್ದು ಎರಡೇ. ಆ ಎರಡಕ್ಕೂ ಮೂರು ಮೂರು ಸೀಳುಗರಿ. ಬರ್ಚ್ ಮರದ ತೊಗಟೆಯಿಂದ ಇಳಿಸಿದ ಟಾರಿನ ಅಂಟು, ಅದರ ಮೇಲೆ ತುರಿಕೆ ಗಿಡದ ನಾರಿನ ಸಣ್ಣ ದಾರ. ನನಗೆ ಕಲಿಸಿದವರ ಮೇಜಿನ ಮೇಲೂ ಇದ್ದದ್ದು ಮೂರು ಗರಿ, ಅಂಟು, ದಾರವೇ.

ಇವತ್ತು ಅಮೆರಿಕದಲ್ಲಿ ಸಿಗುವುದು ಹೆಚ್ಚಾಗಿ ಟರ್ಕಿ ಕೋಳಿಯ ರೆಕ್ಕೆಗರಿ. ಉದ್ದ, ಬಿರುಸು, ಮಾಂಸಕ್ಕೆ ಸಾಕುವ ಹಕ್ಕಿಯಾದ್ದರಿಂದ ಬೇಕಾದಷ್ಟು. ಹದ್ದು, ಗಿಡುಗಗಳ ಗರಿಯನ್ನು ಅಲ್ಲಿ ಮನೆಯಲ್ಲಿಟ್ಟುಕೊಳ್ಳುವುದೂ ಅಪರಾಧ. ವಲಸೆ ಹಕ್ಕಿಗಳ ರಕ್ಷಣೆಗೆ 1918ರಿಂದಲೇ ಕಾಯ್ದೆಯಿದೆ. ನಮ್ಮಲ್ಲಂತೂ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯಡಿ ಈಗ ಕಾಡುಪ್ರಾಣಿಗಳ ಬೇಟೆಯೇ ಅಪರಾಧ. ಅದು ಹಾಗೇ ಇರಲಿ ಅನ್ನುವವನು ನಾನು.

ಹಲಗೆಗೆ ಹೊಡೆಯುವ ಬಾಣಕ್ಕೆ ಎರಡು ಮೂರು ಇಂಚಿನ ಗರಿ ಸಾಕು. ಬೇಟೆಯ ಬಾಣಕ್ಕೆ ಯಾಕೆ ಐದು, ಐದೂವರೆ ಇಂಚು? ಮುಂದಿರುವ ಅಗಲವಾದ ಅಲಗೇ ಕಾರಣ. ಆ ಅಲಗು ಗಾಳಿಯಲ್ಲಿ ಒಂದು ಪುಟ್ಟ ರೆಕ್ಕೆಯ ಹಾಗೆ ವರ್ತಿಸುತ್ತದೆ. ಸ್ವಲ್ಪ ವಾರೆಯಾದರೂ ಬಾಣವನ್ನು ತನ್ನ ಕಡೆಗೆ ಎಳೆಯುತ್ತದೆ. ಮುಂದೆ ರೆಕ್ಕೆ ಇಟ್ಟಮೇಲೆ ಹಿಂದೆ ಅದಕ್ಕಿಂತ ಬಲವಾದ ಹಿಡಿತ ಬೇಕೇಬೇಕು. ಅದಕ್ಕೇ ಗರಿ ಉದ್ದ. ಅದನ್ನು ಕೋಲಿನ ಸುತ್ತ ಕೊಂಚ ತಿರುಚಿ ಅಂಟಿಸುತ್ತಾರೆ. ಬಾಣ ಬೇಗ ತಿರುಗತೊಡಗಿದರೆ ಅಲಗಿನ ವಾರೆ ಒಂದೇ ದಿಕ್ಕಿಗೆ ಎಳೆಯದೆ ಸುತ್ತಲೂ ಹಂಚಿಹೋಗುತ್ತದೆ. ಹಾರುವ ಹಕ್ಕಿಗೆ ಬಿಡುವ ಬಾಣದ್ದು ಬೇರೆಯೇ ಕತೆ. ಅದಕ್ಕೆ ಗರಿ ಕತ್ತರಿಸದೆ ದೊಡ್ಡದಾಗಿಯೇ ಕಟ್ಟುತ್ತಾರೆ. ಬಾಣ ಸ್ವಲ್ಪ ದೂರ ಹೋಗಿ ಬಿದ್ದುಬಿಡುತ್ತದೆ, ಹುಡುಕುವುದು ಸುಲಭ.

ಹಾಗಾದರೆ ದೊಡ್ಡದಾದಷ್ಟೂ ಒಳ್ಳೆಯದಾ? ಇಲ್ಲ. ಗರಿ ಸದ್ದು ಮಾಡುತ್ತದೆ. ಮರದ ಬಿಲ್ಲಿನ ಬಾಣ ಸೆಕೆಂಡಿಗೆ ಸುಮಾರು 50 ಮೀಟರ್ ಹೋಗುತ್ತದೆ. ಸದ್ದು ಹೋಗುವುದು 340 ಮೀಟರ್. ಜಿಂಕೆ 20 ಮೀಟರ್ ದೂರದಲ್ಲಿದೆ ಅಂದುಕೊಳ್ಳಿ. ಹೆದೆಯ ಸದ್ದು 0.06 ಸೆಕೆಂಡಿನಲ್ಲಿ ಅದರ ಕಿವಿಗೆ ಬೀಳುತ್ತದೆ. ಬಾಣ ಮುಟ್ಟಲು 0.4 ಸೆಕೆಂಡು ಬೇಕು. ಅಷ್ಟರಲ್ಲಿ ಬೆದರಿದ ಜಿಂಕೆ ನೆಗೆಯಲೆಂದು ಕಾಲು ಮಡಚಿ ಮೈ ಕೆಳಗಿಳಿಸಿರುತ್ತದೆ. ಎದೆಗೆ ಇಟ್ಟ ಗುರಿ ಬೆನ್ನಿಗೆ ತಾಗಬಹುದು. ಪ್ರಾಣಿ ಗಾಯಗೊಂಡು ಕಾಡಿನೊಳಗೆ ನರಳುತ್ತದೆ. ಬೇಟೆಯನ್ನು ಒಪ್ಪದವರಿಗೂ, ಒಪ್ಪುವವರಿಗೂ ಇದಕ್ಕಿಂತ ಕೆಟ್ಟದ್ದು ಇನ್ನೊಂದಿಲ್ಲ. ಹಾಗಾಗಿ ಬಲ್ಲವರು ಎತ್ತರದ, ಹಿಂಬದಿ ಚೂಪಾಗಿ ಕತ್ತರಿಸಿದ ಗರಿ ಬಿಟ್ಟು ತಗ್ಗಾದ, ದುಂಡಗೆ ಇಳಿಜಾರಾದ ಗರಿ ಆರಿಸುತ್ತಾರೆ. ಬಾಣ ನೇರವಾಗಲು ಎಷ್ಟು ಬೇಕೋ ಅಷ್ಟೇ, ಅದಕ್ಕಿಂತ ಒಂದೆಳೆಯೂ ಜಾಸ್ತಿ ಬೇಡ. ನಾನು ಕಂಡ ಒಳ್ಳೆಯ ಬೇಟೆಗಾರರೆಲ್ಲ 20 ಮೀಟರ್ ದಾಟಿದರೆ ಬಿಲ್ಲು ಇಳಿಸುತ್ತಿದ್ದರು.

ಬಣ್ಣದ ಆಯ್ಕೆ ಹೆಚ್ಚಾಗಿ ನಮ್ಮ ಕಣ್ಣಿಗಾಗಿ. ಜಿಂಕೆಗೆ ಕಿತ್ತಳೆ, ಕೆಂಪು ಬಣ್ಣಗಳು ಹಸಿರಿನಿಂದ ಬೇರೆಯಾಗಿ ಕಾಣುವುದಿಲ್ಲ. ನಮಗೆ ಎಲೆಗಳ ನಡುವೆ ಬಿದ್ದ ಬಾಣ ಎದ್ದು ಕಾಣುತ್ತದೆ. ಬಿಳಿ ಬೇಡ ಅನ್ನುವವರಿದ್ದಾರೆ. ಅಲ್ಲಿನ ಜಿಂಕೆ ಅಪಾಯ ಕಂಡಾಗ ಬಿಳಿ ಬಾಲ ಎತ್ತಿ ಎಚ್ಚರಿಸುತ್ತದೆಯಲ್ಲ, ಬಿಳಿ ಗರಿಯೂ ಹಾಗೇ ಕಂಡೀತು ಅಂತ. ಮೂರರಲ್ಲಿ ಒಂದು ಗರಿ ಮಾತ್ರ ಬೇರೆ ಬಣ್ಣದ್ದು. ಹೆದೆ ಕೂರುವ ಕಚ್ಚಿಗೆ ಅಡ್ಡವಾಗಿ, ಬಿಲ್ಲಿನಿಂದ ಆಚೆಗೆ ಮುಖ ಮಾಡಿರುತ್ತದೆ. ಅದನ್ನು ಹುಂಜದ ಗರಿ ಅನ್ನುತ್ತಾರೆ, ಉಳಿದೆರಡು ಹೇಂಟೆ ಗರಿ. ಕತ್ತಲಲ್ಲೂ ಬೆರಳಿಗೆ ತಿಳಿಯಲೆಂದು ಕೆಲವರು ಹುಂಜದ ಗರಿಯ ಪಕ್ಕ ಕೋಲಿನ ಮೇಲೆ ಅಂಟಿನ ಒಂದು ಹನಿ ಬಿಟ್ಟಿರುತ್ತಾರೆ. ಗರಿಯ ಮುಂತುದಿಯನ್ನು ನುಣ್ಣಗೆ ಉಜ್ಜಿ ದಾರ ಸುತ್ತುವುದನ್ನು ಮಾತ್ರ ಯಾರೂ ಮರೆಯುವುದಿಲ್ಲ. ಬಾಣ ಜಾರುವುದು ಬಿಲ್ಲು ಹಿಡಿದ ಕೈಯ ಮೇಲೆಯೇ. ಎದ್ದ ದಂಟಿನ ಚೂರು ಗೆಣ್ಣಿನೊಳಗೆ ಹೊಕ್ಕರೆ ಬಹಳ ನೋವು.

ಗರಿಯ ಶತ್ರು ಮಳೆ. ಹಕ್ಕಿಯ ಮೈಮೇಲಿದ್ದಾಗ ಹಕ್ಕಿಯೇ ತನ್ನ ಬಾಲದ ಬುಡದ ಗ್ರಂಥಿಯಿಂದ ಎಣ್ಣೆ ತೆಗೆದು ಗರಿಗೆ ಸವರುತ್ತಿತ್ತು. ತೊಳೆದು ಬಣ್ಣ ಹಾಕಿದ ಗರಿಗೆ ಆ ಭಾಗ್ಯವಿಲ್ಲ, ನೆನೆದರೆ ಕೋಲಿಗೆ ಅಂಟಿಕೊಳ್ಳುತ್ತದೆ. ನೀರು ಹಿಡಿಯದ ಪುಡಿ ಸವರುತ್ತಾರೆ, ಇಲ್ಲವೇ ಪ್ಲಾಸ್ಟಿಕ್ ಚೀಲ ಮುಚ್ಚುತ್ತಾರೆ. ನನ್ನ ಬತ್ತಳಿಕೆಯ ಬಾಣಗಳು ಒಂದು ಇಡೀ ಚಳಿಗಾಲ ಪೆಟ್ಟಿಗೆಯಲ್ಲಿ ಒತ್ತಿಕೊಂಡು ಬಿದ್ದಿದ್ದವು. ತೆಗೆದಾಗ ಗರಿಗಳೆಲ್ಲ ಮಡಚಿ, ಮುರುಟಿ, ಇನ್ನು ಎಸೆಯುವುದೇ ಅನ್ನುವಂತಿದ್ದವು. ಅದೇ ಹಿರಿಯರು ಕೆಟಲ್‌ನಲ್ಲಿ ನೀರು ಕಾಯಲಿಟ್ಟರು. ಆವಿ ಬಂದಾಗ ಒಂದು ಬಾಣ ಎತ್ತಿ, ಬಾಲವನ್ನು ಆವಿಗೆ ಹಿಡಿದು ಮೆಲ್ಲಗೆ ತಿರುಗಿಸಿದರು. ಒಂದು ಎಳೆ ಅಲುಗಿತು. ಪಕ್ಕದ್ದು ಎದ್ದಿತು. ನೋಡುತ್ತಿದ್ದ ಹಾಗೇ ಗರಿ ಪೂರ್ತಿ ಬಿಚ್ಚಿಕೊಂಡು ಸೆಟೆದು ನಿಂತಿತು. ಮುಂದಿನ ಬಾಣ ನನ್ನ ಕೈಗೆ ಕೊಟ್ಟರು.