ಕೂದಲಿಲ್ಲದ ಬ್ರಷ್ಷು, ತೇವವೆಂಬ ಎಣ್ಣೆ

ಗಾಡಿ ಚಾರ್ಜ್ ಆಗುತ್ತಿಲ್ಲ ಎಂದ ಕೂಡಲೇ ಬ್ಯಾಟರಿ ಬದಲಿಸುವುದು ಹಳೆಯ ಚಾಳಿ. ಹೊಸ ಬ್ಯಾಟರಿ ನಾಲ್ಕು ದಿನ ಎಳೆಯುತ್ತದೆ, ಐದನೆಯ ದಿನ ಅದೂ ಮಲಗುತ್ತದೆ. ತೊಟ್ಟಿ ತುಂಬುತ್ತಿಲ್ಲವೆಂದು ತೊಟ್ಟಿಯನ್ನೇ ಒಡೆದು ಕಟ್ಟಿಸಿದ ಹಾಗೆ. ಕಾಲುವೆಯಲ್ಲಿ ನೀರು ಬರುತ್ತಿದೆಯೇ ಎಂದು ನೋಡುವವರು ಕಡಿಮೆ.

ಒಂದು ಮಾತು ಮೊದಲೇ ಹೇಳಿಬಿಡುತ್ತೇನೆ. ಸ್ಪ್ಲೆಂಡರ್, ಪಲ್ಸರ್‌ನಂಥ ಗಾಡಿಗಳ ಆಲ್ಟರ್ನೇಟರಿನಲ್ಲಿ, ಅಂದರೆ ಎಂಜಿನ್ ತಿರುಗಿದಂತೆ ಕರೆಂಟು ಹುಟ್ಟಿಸುವ ಭಾಗದಲ್ಲಿ, ಬ್ರಷ್ಷೇ ಇಲ್ಲ. ಅಲ್ಲಿ ತಿರುಗುವುದು ಶಾಶ್ವತ ಮ್ಯಾಗ್ನೆಟ್. ಅವುಗಳಲ್ಲಿ ಬ್ರಷ್ ಇರುವುದು ಸೆಲ್ಫ್ ಸ್ಟಾರ್ಟರ್ ಮೋಟಾರಿನಲ್ಲಿ. ‘ಚಾರ್ಜಿಂಗ್ ಬ್ರಷ್ ಹೋಗಿದೆ’ ಎಂದು ಯಾರಾದರೂ ಬಿಲ್ ಬರೆದರೆ, ಆ ಬ್ರಷ್ಷನ್ನು ತೋರಿಸಿ ಎನ್ನಿ.

ಬಿಎಂಡಬ್ಲ್ಯು 1969ರಿಂದ 1990ರ ದಶಕದ ಮಧ್ಯದವರೆಗೆ ಮಾಡಿದ, ಗಾಳಿಗೆ ತಣಿಯುವ ಬಾಕ್ಸರ್ (ಸಿಲಿಂಡರುಗಳು ಎರಡು ಪಕ್ಕಕ್ಕೆ ಚಾಚಿದ) ಎಂಜಿನ್ನಿನ ಬೈಕುಗಳ ಕಥೆ ಬೇರೆ. ಅವುಗಳ ಬಾಷ್ ಕಂಪನಿಯ ಆಲ್ಟರ್ನೇಟರ್ ಎಂಜಿನ್ನಿನ ತಿರುಗುವ ದಂಡವಾದ ಕ್ರ್ಯಾಂಕ್ ಶಾಫ್ಟಿನ ಮೂತಿಗೇ ಕೂತಿದೆ. ತಿರುಗುವ ರೋಟರ್ ವಿದ್ಯುತ್ಕಾಂತ. ಅದಕ್ಕೆ ಕೊಡುವ ಕರೆಂಟನ್ನು ರೆಗ್ಯುಲೇಟರ್ ಏರಿಸಿ ಇಳಿಸಿ ಉತ್ಪಾದನೆಯನ್ನು ಹಿಡಿತದಲ್ಲಿಡುತ್ತದೆ. ಆದರೆ ನಿಮಿಷಕ್ಕೆ 5000 ಸುತ್ತು ತಿರುಗುವ ವಸ್ತುವಿಗೆ ತಂತಿ ಕಟ್ಟುವುದು ಹೇಗೆ? ಶಾಫ್ಟಿನ ಮೇಲೆ ಎರಡು ತಾಮ್ರದ ಬಳೆ, ಅವುಗಳ ಮೇಲೆ ಸ್ಪ್ರಿಂಗ್ ಒತ್ತಿ ಹಿಡಿದ ಎರಡು ಕಾರ್ಬನ್ ತುಂಡು. ಬಳೆ ಸ್ಲಿಪ್ ರಿಂಗ್, ತುಂಡು ಬ್ರಷ್. ಗಂಟೆಗೆ ಮೂರು ಲಕ್ಷ ಸುತ್ತು ಉಜ್ಜಿಸಿಕೊಂಡೂ ಅದು ವರ್ಷಗಟ್ಟಲೆ ಬಾಳುತ್ತದೆ.

ಒಂದೂ ಕೂದಲಿಲ್ಲದ್ದಕ್ಕೆ ಬ್ರಷ್ ಎಂಬ ಹೆಸರೇಕೆ? ಮೊದಲಿಗೆ ಕೂದಲಿತ್ತು. ಆರಂಭದ ಡೈನಮೋಗಳಲ್ಲಿ ತಾಮ್ರದ ತಂತಿಗಳ ಕಂತೆಯನ್ನೇ ಪೊರಕೆಯ ಹಾಗೆ ಕಟ್ಟಿ ಒತ್ತುತ್ತಿದ್ದರು. ಕಿಡಿ ಹಾರುತ್ತಿತ್ತು, ತಾಮ್ರ ತಾಮ್ರವನ್ನೇ ಕೆರೆದು ತಿನ್ನುತ್ತಿತ್ತು. 1885ರಲ್ಲಿ ಸ್ಕಾಟ್ಲೆಂಡಿನ ಜಾರ್ಜ್ ಫೋರ್ಬ್ಸ್ ಕಾರ್ಬನ್ ಬಳಸುವ ಉಪಾಯಕ್ಕೆ ಪೇಟೆಂಟ್ ಪಡೆದರು. ಪೊರಕೆ ಹೋಯಿತು, ಹೆಸರು ಉಳಿಯಿತು.

ಕಾರ್ಬನ್ ಏಕೆ ಜಾರುತ್ತದೆ ಎಂದು ಕೇಳಿ ನೋಡಿ. ‘ಗ್ರಾಫೈಟಿನಲ್ಲಿ ಪದರಗಳಿವೆ, ಒಂದರ ಮೇಲೊಂದು ಜಾರುತ್ತವೆ’ ಎಂಬ ಪಠ್ಯಪುಸ್ತಕದ ಉತ್ತರ ಸಿದ್ಧವಾಗಿರುತ್ತದೆ. ಅದು ಅರ್ಧ ಸತ್ಯ. ಎರಡನೆಯ ಮಹಾಯುದ್ಧದ ವಿಮಾನಗಳು ತುಂಬಾ ಎತ್ತರಕ್ಕೇರಿದಾಗ ಅವುಗಳ ಜನರೇಟರ್ ಬ್ರಷ್ಷುಗಳು ಕೆಲವೇ ಗಂಟೆಗಳಲ್ಲಿ ಪುಡಿಯಾಗಿಬಿಟ್ಟವು. ನೆಲದ ಮೇಲಿದ್ದ ಪದರಗಳೇ ಅಲ್ಲೂ ಇದ್ದವು, ಮತ್ತೇಕೆ ಸವೆದವು? ಜನರಲ್ ಎಲೆಕ್ಟ್ರಿಕ್‌ನ ರಾಬರ್ಟ್ ಸ್ಯಾವೇಜ್ 1948ರಲ್ಲಿ ಪ್ರಕಟಿಸಿದ ಪ್ರಯೋಗಗಳು ಉತ್ತರ ಕೊಟ್ಟವು: ಅಲ್ಲಿ ಇಲ್ಲದ್ದು ನೀರಾವಿ. ಗ್ರಾಫೈಟ್ ಪದರದ ಮುರಿದ ಅಂಚುಗಳಲ್ಲಿ ಜೋಡಿ ಸಿಗದ ಬಂಧಗಳು ಕೈಚಾಚಿ ನಿಂತಿರುತ್ತವೆ. ನೀರಿನ ಕಣ ಬಂದು ಆ ಕೈಗಳನ್ನು ತುಂಬಿದರೆ ಪದರಗಳು ಒಂದನ್ನೊಂದು ಹಿಡಿಯುವುದಿಲ್ಲ. ವೀಳ್ಯದೆಲೆಯ ಕಟ್ಟನ್ನು ನೆನೆಯಿರಿ: ನೀರು ಚಿಮುಕಿಸಿದ್ದರೆ ಎಲೆ ಮೇಲೆ ಎಲೆ ನಯವಾಗಿ ಸರಿಯುತ್ತದೆ, ಒಣಗಿದರೆ ಮುಟ್ಟಿದಲ್ಲೇ ಪುಡಿ. ಅಥವಾ ಹೋಳಿಗೆಗಳ ನಡುವಿನ ಎಣ್ಣೆ ಕಾಗದ ಎನ್ನಿ. ಕಾಗದ ತೆಗೆದರೆ ಒಂದರ ಹೂರಣ ಇನ್ನೊಂದಕ್ಕೆ. ನಾವು ಉಸಿರಾಡುವ ಗಾಳಿಯ ತೇವವೇ ಬ್ರಷ್ಷಿನ ಎಣ್ಣೆ.

ಹಾಗಾಗಿ ಸ್ಲಿಪ್ ರಿಂಗಿಗೆ ಗ್ರೀಸು, ಎಣ್ಣೆ, ಸ್ಪ್ರೇ ಹಚ್ಚಬೇಡಿ. ಸೀಲಿನಿಂದ ಸೋರಿದ ಎಂಜಿನ್ ಆಯಿಲ್ ಬಳೆ ಮುಟ್ಟಿದರೂ ಸಂಪರ್ಕ ಕೆಡುತ್ತದೆ. ಬಳೆಯ ಮೇಲಿನ ತೆಳು ಕಂದು ಹೊಳಪು ಕೊಳೆಯಲ್ಲ, ಆಕ್ಸೈಡೂ ಗ್ರಾಫೈಟೂ ಬೆರೆತ ಪೊರೆ. ಪಾತ್ರೆ ಬೆಳಗಿದ ಹಾಗೆ ಉಜ್ಜಿದರೆ ಹೊಸ ಪೊರೆ ಕೂರುವ ತನಕ ಬ್ರಷ್ಷೇ ಸವೆಯುತ್ತದೆ.

ಈ ಬಿಎಂಡಬ್ಲ್ಯು ಗಾಡಿಗಳಲ್ಲಿ ಪರೀಕ್ಷೆ ಶುರುವಾಗುವುದು ಡ್ಯಾಶಿನ ಚಾರ್ಜಿಂಗ್ ದೀಪದಿಂದ. ಕೀ ತಿರುಗಿಸಿದಾಗ ಅದು ಉರಿಯಲೇಬೇಕು. ರೋಟರಿಗೆ ಮೊದಲ ಕರೆಂಟು ಹೋಗುವುದೇ ಆ ಮೂರ್ನಾಲ್ಕು ವಾಟಿನ ಬಲ್ಬಿನ ಮೂಲಕ. ಬಲ್ಬು ಸುಟ್ಟರೆ ಚಾರ್ಜಿಂಗೇ ಶುರುವಾಗದಿರಬಹುದು. ಬಲ್ಬು ಸರಿಯಿದ್ದೂ ಉರಿಯದಿದ್ದರೆ ರೆಗ್ಯುಲೇಟರಿನ ಪ್ಲಗ್ ಕಿತ್ತು, ಪ್ಲಗ್ಗಿನ ನೀಲಿ ಮತ್ತು ಕಪ್ಪು ತಂತಿಗಳ ತುದಿಗಳನ್ನು ಜೋಡಿಸಿ. ಈಗ ಉರಿದರೆ ತಪ್ಪು ರೆಗ್ಯುಲೇಟರಿನದು. ಆಗಲೂ ಉರಿಯದಿದ್ದರೆ ಬ್ರಷ್ ಅಥವಾ ರೋಟರ್.

ಬಿಚ್ಚುವ ಮೊದಲು ಬ್ಯಾಟರಿಯ ನೆಗೆಟಿವ್ ತಂತಿ ತೆಗೆಯಿರಿ. ಇದು ಬರಿಯ ಶಾಸ್ತ್ರವಲ್ಲ: ಎಂಜಿನ್ನಿನ ಮುಂದಿನ ಮುಚ್ಚಳದ ಹಿಂದೆಯೇ, ಆಲ್ಟರ್ನೇಟರಿನ ಎಸಿ ಕರೆಂಟನ್ನು ಡಿಸಿ ಮಾಡುವ ಡಯೋಡ್ ಬೋರ್ಡಿದೆ, ಬ್ಯಾಟರಿಯ ಪಾಸಿಟಿವ್ ಅಲ್ಲಿಗೆ ಫ್ಯೂಸಿಲ್ಲದೆ ನೇರ ಬರುತ್ತದೆ. ಅಲ್ಯೂಮಿನಿಯಂ ಮುಚ್ಚಳ ಎಳೆಯುವಾಗ ಅದಕ್ಕೆ ತಾಗಿದರೆ ಕಿಡಿ, ಹೊಗೆ, ಖರ್ಚು. ಮೂರು ಅಲನ್ ಬೋಲ್ಟ್ ಬಿಚ್ಚಿದರೆ ಮುಚ್ಚಳ ಕೈಗೆ ಬರುತ್ತದೆ.

ಬ್ರಷ್ಷನ್ನು ಅಳೆಯಲು ಸ್ಕೇಲು ಬೇಕಿಲ್ಲ. ಬೆನ್ನ ಮೇಲಿನ ಸುರುಳಿ ಸ್ಪ್ರಿಂಗನ್ನು ನೋಡಿ. ಅದು ಹೋಲ್ಡರಿನ ಸೀಳಿನ ತಳ ಮುಟ್ಟುವಷ್ಟು ಕೆಳಗಿಳಿದಿದ್ದರೆ ಇನ್ನು ಒತ್ತಲು ಅದಕ್ಕೆ ದಾರಿಯಿಲ್ಲ. ಎರಡು ಬ್ರಷ್ಷೂ ಸಮನಾಗಿ ಸವೆದಿರುವುದಿಲ್ಲ, ಆದರೂ ಜೋಡಿಯಾಗಿಯೇ ಬದಲಿಸಿ. ಬಾಗಿಸಿದ ತಂತಿಯಿಂದ ಸ್ಪ್ರಿಂಗ್ ಎತ್ತಿ, ಬ್ರಷ್ ಹೊರಗೆಳೆದು, ಹಳೆಯ ಬೆಸುಗೆ ಕರಗಿಸಿ ತೆಗೆಯಿರಿ. ಹೋಲ್ಡರ್ ಬಿಚ್ಚುವುದಾದರೆ ಇನ್ಸುಲೇಟರ್ ವಾಷರುಗಳ ಕ್ರಮದ ಫೋಟೊ ಹಿಡಿಯಿರಿ; ಅದು ತಪ್ಪಿದರೆ ಕರೆಂಟು ನೇರ ಗಾಡಿಯ ಲೋಹದ ಮೈಗೆ (ಅರ್ತ್).

ಹೊಸದನ್ನು ಬೆಸೆಯುವಾಗ ಜನ ಎಡವುವ ಜಾಗ ಒಂದಿದೆ. ಬ್ರಷ್ಷಿನ ಬಾಲ ಸಣ್ಣ ಎಳೆಗಳ ಜಡೆ, ದೀಪದ ಬತ್ತಿಯ ಹಾಗೆ ಕರಗಿದ ಸೀಸವನ್ನು ಹೀರಿಕೊಳ್ಳುತ್ತದೆ. ಹೀರಿದ ಬಾಲ ಕಡ್ಡಿಯಂತೆ ಗಟ್ಟಿಯಾಗಿ, ಸವೆದಂತೆಲ್ಲ ಕೆಳಗಿಳಿಯಬೇಕಾದ ಬ್ರಷ್ಷನ್ನು ಎತ್ತಿ ಹಿಡಿಯುತ್ತದೆ. ಬೆಸುಗೆಯ ಪಕ್ಕದಲ್ಲೇ ಬಾಲವನ್ನು ಚೂಪು ಮೂತಿಯ ಪಕ್ಕಡಿನಿಂದ ಕಚ್ಚಿ ಹಿಡಿದರೆ ಬಿಸಿ ಮುಂದೆ ಹೋಗುವುದಿಲ್ಲ. ಕೊನೆಗೆ ಬ್ರಷ್ ಹೋಲ್ಡರಿನಲ್ಲಿ ತಾನಾಗಿ ಜಾರಬೇಕು. ಮುಖ ಬಳೆಗೆ ಹೊಂದದಿದ್ದರೆ ನಯವಾದ ಉಪ್ಪುಕಾಗದದ ಪಟ್ಟಿಯನ್ನು ಬಳೆಗೆ ಸುತ್ತಿ, ಒರಟು ಮೈ ಹೊರಗಿಟ್ಟು, ಕೈಯಲ್ಲೇ ತಿರುಗಿಸಿ ಕೂರಿಸಿ. ಎಮರಿ ಕಾಗದ ಬೇಡ, ಅದರ ಹರಳು ಕಾರ್ಬನ್ನಿನಲ್ಲಿ ಹುದುಗಿ ಬಳೆಯನ್ನು ಕೆರೆಯುತ್ತದೆ. ಪುಡಿಯನ್ನೆಲ್ಲ ಗಾಳಿ ಹಾಕಿ ತೆಗೆಯಿರಿ.

ಮುಚ್ಚುವ ಮೊದಲು ಮಲ್ಟಿಮೀಟರಿನ ಕಡ್ಡಿಗಳನ್ನು ಎರಡು ಬಳೆಗಳಿಗಿಟ್ಟು ರೋಟರಿನ ರೋಧ ನೋಡಿ. ನಂತರದ ಮಾದರಿಗಳಲ್ಲಿ ಸುಮಾರು 3.4 ಓಮ್, ಹಳೆಯವುಗಳಲ್ಲಿ 7ರ ಹತ್ತಿರ. ಬಳೆಗೂ ಶಾಫ್ಟಿಗೂ ನಡುವೆ ಸಂಪರ್ಕವೇ ಇರಬಾರದು. ಎಂಜಿನ್ 3000–4000 ಸುತ್ತಿನಲ್ಲಿದ್ದಾಗ ಬ್ಯಾಟರಿಯ ಮೇಲೆ ಸುಮಾರು 14 ವೋಲ್ಟ್ ಕಂಡರೆ ಕೆಲಸ ಮುಗಿಯಿತು. ನಿಂತಾಗ ಸರಿಯಿದ್ದು, ಓಡಿ ಬಿಸಿಯಾದ ಮೇಲೆ ಚಾರ್ಜಿಂಗ್ ನಿಂತರೆ ಅನುಮಾನ ರೋಟರಿನ ಮೇಲೆ: ಮುರಿದ ತಂತಿ ತಣ್ಣಗಿದ್ದಾಗ ತಾಗುತ್ತದೆ, ಬಿಸಿಯಲ್ಲಿ, ತಿರುಗುವ ಎಳೆತದಲ್ಲಿ ಬಿಡುತ್ತದೆ. ಬಿಸಿಯಿರುವಾಗಲೇ ಓಮ್ ಅಳೆಯಿರಿ. ರೋಟರ್ ಕೀಳಲು ಅದಕ್ಕೆಂದೇ ಮಾಡಿದ ಗಟ್ಟಿ ಉಕ್ಕಿನ ಕಡ್ಡಿ ಬೇಕು. ಸಾಧಾರಣ ಬೋಲ್ಟು ತುರುಕಿದರೆ ಅದು ಒಳಗೇ ಡೊಂಕಾಗಿ ಸಿಕ್ಕಿಕೊಳ್ಳುತ್ತದೆ.